ಕಲ್ಲುಗಳ ಕಾರ್ಯದರ್ಶಿ

ನಮ್ಮ ಮನೆಯ ಮಹಡಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿರುವ ಪಾರವ್ವ ಕಲ್ಲುಗಳಿಗೆ ಕಾರ್ಯದರ್ಶಿ. ಹಾಲಿನ ಡೇರಿಗೆ ಕಾರ್ಯದರ್ಶಿ ಇರುವುದನ್ನು ಕಂಡಿದ್ದೇನೆ, ದೇವಸ್ಥಾನದ ಟ್ರಸ್ಟಿಗೆ ಇರುವುದನ್ನೂ ಕಂಡಿದ್ದೇನೆ. ಕಲ್ಲಿಗೂ ಒಬ್ಬಳು ಕಾರ್ಯದರ್ಶಿ ಬೇಕಾಗುತ್ತದೆ, ಅವಳಿಗೆ ಹತ್ತೊಂಬತ್ತು ದೇಶಗಳಿಂದ ಕಾಗದ ಬರುತ್ತದೆ ಎಂದು ಯಾರಾದರೂ ನನಗೆ ಮೊದಲೇ ಹೇಳಿದ್ದರೆ, ಹೇಳಿದವನ ಮೇಲೇ ಅನುಮಾನ ಪಡುತ್ತಿದ್ದೆ.

ನಾನು ಅನುಮಾನದ ಹೆಂಗಸು. ಮುಚ್ಚಿಟ್ಟು ಪ್ರಯೋಜನವಿಲ್ಲ, ಚಿಕ್ಕಬಾಣಾವರಕ್ಕೆಲ್ಲ ಗೊತ್ತಿರುವ ವಿಷಯ. ಇದಿನ್ನೂ ಪಂಚಾಯಿತಿಯಾಗಿದ್ದಾಗ ಒಂದು ಅವಧಿಗೆ ಮೆಂಬರ್ ಆಗಿದ್ದವಳು ನಾನು. ನಗುನಗುತ್ತಾ ಬಂದು ಕಾಗದ ಮುಂದಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಮಾವನವರ ಕಾಲದಲ್ಲಿ ಮನೆಗೆ ಮೂರು ಎಕರೆ ಜಮೀನಿತ್ತು. ಒಂದು ದಿನ ಮೂರು ಜನ ಬಂದು ಟೇಪು ಹಿಡಿದರು, ಬಾಂದುಗಲ್ಲಿಗೆ ಕೆಂಪು ಬಣ್ಣ ಬಳಿದರು, ನಮ್ಮ ಅತ್ತೆ ಪಟಾಲಮ್ಮ ಕೊಟ್ಟ ಮಜ್ಜಿಗೆ ಕುಡಿದು ಚೆನ್ನಾಗಿದೆ ತಾಯಿ ಎಂದು ಹೇಳಿ ಹೋದರು. ಆಮೇಲೆ ಬಂದ ನೋಟಿಸಿನ ಮೊದಲನೇ ಅಕ್ಷರ 'ಭೂ'. ಭೂಸ್ವಾಧೀನ. ನಮ್ಮ ಹೊಲದ ಮೇಲೆ ಈಗ ಯಾರು ಯಾರೋ ಕಾರು ನಿಲ್ಲಿಸುತ್ತಾರೆ. ಅಂದಿನಿಂದ ಭೂ ಎಂದು ಶುರುವಾಗುವ ಕಾಗದ ಮನೆಗೆ ಬಂದರೆ ಅತ್ತೆ ಮಾತಾಡದೆ ಒಳಗೆ ಹೋಗಿ ಕೂತುಬಿಡುತ್ತಾರೆ.

ನಮಗೆ ಉಳಿದದ್ದು ಮನೆಯ ಹಿಂದಿನ ಇಪ್ಪತ್ತಾರು ಗುಂಟೆ. ಅದರಲ್ಲಿ ಮುಕ್ಕಾಲು ಪಾಲು ಬಂಡೆ. ಪಹಣಿ ಮಾತ್ರ ಬೇರೆಯದನ್ನೇ ಹೇಳುತ್ತದೆ. ಯಾವ ಕಾಲದ ಶಾನುಭೋಗರು ಯಾವ ಹುಮ್ಮಸ್ಸಿನಲ್ಲಿದ್ದರೋ, ಇಡೀ ನೆಲವನ್ನು ಖುಷ್ಕಿ ಎಂದು ಬರೆದುಬಿಟ್ಟಿದ್ದಾರೆ. ಖುಷ್ಕಿ ಎಂದರೆ ಮಳೆ ನಂಬಿಕೊಂಡು ಉಳುವ ಹೊಲ. ಆ ಬಂಡೆಯ ಮೇಲೆ ನೇಗಿಲು ಊರುವ ಗಂಡಸು ಇನ್ನೂ ಹುಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಾದರೆ ಅದನ್ನು ಖರಾಬು ಎನ್ನಬೇಕು. ಉಳಲು ಬಾರದ ನೆಲಕ್ಕೆ ದಾಖಲೆಯಲ್ಲಿ ಬರೆಯುವ ಮಾತು ಅದು. ಖರಾಬಿನಲ್ಲೂ ಎರಡು ಜಾತಿ. 'ಅ' ಎಂದು ಬಿದ್ದರೆ ನಮ್ಮ ಬಳಿ ಉಳಿಯುತ್ತದೆ, 'ಬ' ಎಂದು ಬಿದ್ದರೆ ಸರ್ಕಾರದ್ದು. ಯಾವ ಅಕ್ಷರ ಬೀಳುತ್ತದೋ ಯಾರಿಗೆ ಗೊತ್ತು? ಆದ್ದರಿಂದ ಹೊರಗಿನವರ ಮುಂದೆ ನಾವು ಅದನ್ನು ಬಂಡೆ ಎಂದು ಕರೆಯುವುದೇ ಇಲ್ಲ, 'ಹಿಂದ್ಗಡೆ ಹೊಲ' ಎನ್ನುತ್ತೇವೆ. ನನ್ನ ಮಗ ಸತೀಶ ನಾಳೆ ಮದುವೆಯಾದರೆ ಮನೆ ಕಟ್ಟಿಕೊಳ್ಳಲು ಇರುವುದು ಅದೊಂದೇ. ಅದೂ ಹೋದರೆ ಈ ಊರಿನಲ್ಲಿ ನಮ್ಮದು ಎಂದು ತೋರಿಸಲು ಬೊಗಸೆ ಮಣ್ಣೂ ಉಳಿಯುವುದಿಲ್ಲ.

ಇನ್ನು ಪಾರವ್ವ. ಅವಳು ಬಾದಾಮಿ ಕಡೆಯವಳು. ಗಂಡ ಪಂಚಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ, ನಿವೃತ್ತಿಗೆ ಎರಡು ವರ್ಷ ಇರುವಾಗ ತೀರಿಕೊಂಡ. ಕ್ವಾರ್ಟರ್ಸ್ ಬಿಟ್ಟು ನಮ್ಮ ಮಹಡಿಗೆ ಬಂದಾಗ ಅವಳು ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಟೈಪಿಸ್ಟ್. ಅಲ್ಲಿ ಕಾಶಿನಾಥ ಎಂಬ ಮೇಷ್ಟ್ರು ಇದ್ದರು, ಈಗ ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹಳೆಯ ಬಂಡೆ, ಗುಹೆ, ಬೆಟ್ಟಗಳನ್ನು ಒಡೆದು ಹಾಕದೆ ಉಳಿಸಬೇಕು ಎನ್ನುವ ದೇಶವಿದೇಶದ ಜನ ಸೇರಿ ಕಟ್ಟಿಕೊಂಡ ಸಂಘವೊಂದರಲ್ಲಿ ಅವರು ಸದಸ್ಯರು. ಸಂಘದ ಹೆಸರು ಅಂತರರಾಷ್ಟ್ರೀಯ ಭೂಪರಂಪರೆ ಕೂಟ. ನಾಲ್ಕು ವರ್ಷಕ್ಕೊಮ್ಮೆ ಅದರ ಕಚೇರಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ದೇಶದ ಸರದಿ ಬಂದಾಗ ಅಧ್ಯಕ್ಷರಾಗಲು ಐದು ಜನ ಪ್ರೊಫೆಸರು, ಉಪಾಧ್ಯಕ್ಷರಾಗಲು ಏಳು ಜನ ನಿಂತರು. ಕಾಗದ ಬರೆಯಲು ಒಬ್ಬರೂ ಇಲ್ಲ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ಕಾಶಿನಾಥ ಮೇಷ್ಟ್ರು ಅಧ್ಯಕ್ಷರಾದರು, ಟೈಪಿಸ್ಟ್ ಪಾರವ್ವನನ್ನು ಕಾರ್ಯದರ್ಶಿ ಎಂದು ಬರೆಸಿದರು. ನಾಲ್ಕು ವರ್ಷವಾದ ಮೇಲೆ ಕಚೇರಿಯನ್ನು ಬೇರೆ ದೇಶ ಒಯ್ಯಬೇಕಿತ್ತು. ಪಾರವ್ವನೇ ಇರಲಿ ಎಂದು ಯಾರೂ ಮುಂದೆ ಬರಲಿಲ್ಲ, ಏಕೆಂದರೆ ಬರೆದ ಕಾಗದಕ್ಕೆ ಉತ್ತರ ಬಂದದ್ದು ಆ ಸಂಘದ ಚರಿತ್ರೆಯಲ್ಲೇ ಅದೇ ಮೊದಲಂತೆ. ಹೀಗೆ ಏಳು ವರ್ಷದಿಂದ ಅವಳೇ ನಡೆಸಿಕೊಂಡು ಬಂದಿದ್ದಾಳೆ.

ನಡೆಸುವುದು ಎಂದರೆ ಸುಮ್ಮನೆ ಅಲ್ಲ. ಮೂರು ತಿಂಗಳಿಗೊಮ್ಮೆ ಸುದ್ದಿಪತ್ರ ಹೊರಡಬೇಕು. ಎಲ್ಲಿ ಯಾವ ಗುಹೆಗೆ ಬಾಗಿಲು ಹಾಕಿದರು, ಎಲ್ಲಿ ಯಾವ ಗುಡ್ಡ ಜಲ್ಲಿಯಾಯಿತು ಎಂಬ ಲೆಕ್ಕ ಇಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜಗಳ ಬಿಡಿಸಬೇಕು. ಎರಡು ದೇಶಗಳ ಗಡಿಯ ಮೇಲೆ ಕೂತ ಒಂದು ಬೆಟ್ಟಕ್ಕೆ ಯಾರ ಭಾಷೆಯ ಹೆಸರು ಮೊದಲು ಬರೆಯಬೇಕು ಎಂದು ಇಬ್ಬರು ವಿದ್ವಾಂಸರು ಹದಿನಾಲ್ಕು ತಿಂಗಳು ಕಿತ್ತಾಡಿದರಂತೆ. ಒಂದು ವರ್ಷ ನಿಮ್ಮದು ಮೊದಲು, ಮರುವರ್ಷ ಅವರದು ಮೊದಲು, ಸರದಿ ತಪ್ಪಿದರೆ ನನ್ನನ್ನು ಕೇಳಿ ಎಂದು ಪಾರವ್ವ ಬರೆದಳು. ಅವಳ ಊರಿನಲ್ಲಿ ಅಣ್ಣತಮ್ಮಂದಿರು ಬಾವಿ ನೀರು ಹಂಚಿಕೊಳ್ಳುವುದು ಹಾಗೆಯೇ. ಏನಿದ್ದರೂ ಮೊದಲು ಕನ್ನಡದಲ್ಲಿ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡುವುದು ಅವಳ ಪದ್ಧತಿ.

ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದೇ ಬೇರೆ.

ಮೊದಲನೆಯದು, ಪೋಸ್ಟ್‌ಮ್ಯಾನ್ ತಪ್ಪಿ ಕೆಳಗೆ ಕೊಟ್ಟುಹೋದ, ವಿಳಾಸದಾರರು ಸಿಗದೆ ವಾಪಸ್ ಬಂದ ಅವಳದೇ ಒಂದು ಲಕೋಟೆ. ಅದರ ಮೂಲೆಯಲ್ಲಿ ಕನ್ನಡದಲ್ಲೇ ಅಚ್ಚಾಗಿತ್ತು, ಭೂಪರಂಪರೆ. ಪರಂಪರೆ ಎಂದರೆ ತಲೆತಲಾಂತರದಿಂದ ಬಂದದ್ದು. ತಲೆತಲಾಂತರದಿಂದ ಬಂದ ಭೂಮಿಯ ಮೇಲೆ ಬಾದಾಮಿಯಿಂದ ಬಂದ ಬಾಡಿಗೆದಾರಳಿಗೆ ಏನು ಕೆಲಸ? ಲಕೋಟೆಯನ್ನು ಮೇಲೆ ಕೊಡುವಾಗ ನಕ್ಕೇ ಕೊಟ್ಟೆ. ಅವಳೂ ನಕ್ಕೇ ತೆಗೆದುಕೊಂಡಳು. ಆ ನಗು ನನಗೆ ಹಿಡಿಸಲಿಲ್ಲ.

ಎರಡನೆಯದು, ಹೋದ ಮಾಘದಲ್ಲಿ ಬಂದ ವಿದೇಶದ ಗಂಡಹೆಂಡತಿ. ಕಾಶಿನಾಥ ಮೇಷ್ಟ್ರು ಅವರನ್ನು ಕರೆತಂದಿದ್ದರು. ಹಿಂದೆ ಒಂಚೂರು ನೋಡಿಕೊಂಡು ಹೋಗ್ತಾರ್ರೀ ಅಕ್ಕಾರ ಎಂದು ಪಾರವ್ವ ಹೇಳಿದಳು. ನೋಡುವುದು ಎಂದರೆ ನೋಡಲಿ ಎಂದುಕೊಂಡೆ. ಅವರು ಬಂಡೆಯ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದರು, ಮಂಡಿಯೂರಿ ಮೂಸಿ ನೋಡುವಷ್ಟು ಹತ್ತಿರ ಹೋದರು, ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ಹಿಡಿದರು. ಕೊನೆಗೆ ಪಾರವ್ವ ಬ್ಯಾಗಿನಿಂದ ಟೇಪು ತೆಗೆದಳು. ನಮ್ಮ ಕಡೆ ಟೇಪು ತೆಗೆದರೆ ಅದಕ್ಕೆ ಒಂದೇ ಅರ್ಥ.

ಮೇಷ್ಟ್ರು ನನ್ನ ಬಳಿ ಬಂದು, ಕಪ್ಪು ಬಿಳಿ ಪಟ್ಟೆಗಳು ಹೇಗೆ ಮಡಿಸಿಕೊಂಡಿವೆ ನೋಡಿ, ಇದಕ್ಕೆ ಮುನ್ನೂರು ಕೋಟಿ ವರ್ಷವಾಗಿದೆ ಎಂದರು. ಮೂವತ್ತು ವರ್ಷದ ಹಿಂದಿನ ಪತ್ರವೇ ಹುಡುಕಿದರೆ ಸಿಗುವುದಿಲ್ಲ, ಮುನ್ನೂರು ಕೋಟಿ ವರ್ಷದ್ದು ಇವರಿಗೆ ಕೊಟ್ಟವರು ಯಾರು? ಲಾಲ್‌ಬಾಗಿನ ಬಂಡೆಗೆ ಬೋರ್ಡು ಹಾಕಿದ್ದಾರಲ್ಲ, ಇದೂ ಅದರದೇ ಕುಲ ಎಂದು ಬೇರೆ ಸೇರಿಸಿದರು. ಹೊಗಳಿಕೆಗೆಂದು ಹೇಳಿದ ಮಾತು ಅದು. ಲಾಲ್‌ಬಾಗಿನ ಬಂಡೆಯ ಮೇಲೆ ಯಾರ ಮಗ ಮನೆ ಕಟ್ಟಿದ್ದಾನೆ ಎಂದು ನಾನು ಯೋಚಿಸುತ್ತಿದ್ದೆ.

ಅಲ್ಲಿಂದ ಕಿವಿ ಚುರುಕು ಮಾಡಿಕೊಂಡೆ. ಗುರುವಾರ ನಾಲ್ಕು ಗಂಟೆಗೆ ಪಾರವ್ವನ ಕಂಪ್ಯೂಟರಿನಲ್ಲಿ ಮೀಟಿಂಗು. ನಾನು ಸರಿಯಾಗಿ ಅದೇ ಹೊತ್ತಿಗೆ ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತಿದ್ದೆ. ಒಗೆದ ಬಟ್ಟೆ ಇಲ್ಲದ ದಿನ ಒಗೆಯದ್ದನ್ನೇ ನೆನೆಸಿ ಒಯ್ದಿದ್ದೇನೆ. ಕಿಟಕಿಯಿಂದ ಓನರ್ ಎಂದು ಕೇಳಿಸಿತು, ಪ್ರೊಟೆಕ್ಟ್ ಎಂದು ಕೇಳಿಸಿತು, ಗೌರ್ಮೆಂಟ್ ಎಂದಂತೂ ನಾಲ್ಕು ಸಲ ಕೇಳಿಸಿತು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಸಾಲದ್ದಕ್ಕೆ ಪಾರವ್ವ ಮುಂದಿನ ತಿಂಗಳಲ್ಲಿ ಮೂರು ಸಲ ಕೆಳಗಿಳಿದು ನಮ್ಮ ಬಾಗಿಲಿಗೆ ಬಂದಳು. ಏನೋ ಹೇಳಲು ಬಂದವಳ ಹಾಗೆ ನಿಂತು, ಸೆಖೆ ಬಾಳ ಆಗೇತ್ರಿ ಎಂದೋ, ನೀರು ಸಣ್ಣಗ ಬರಾಕತ್ತೇತ್ರಿ ಎಂದೋ ಹೇಳಿ, ಹಿಂದುಗಡೆ ಒಮ್ಮೆ ಕಣ್ಣು ಹಾಯಿಸಿ ಹೋದಳು. ಮೂರು ಸಲವೂ ನಾನು ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದೆ.

ನನ್ನ ಗಂಡ ಲಕ್ಕಣ್ಣ ತಣ್ಣಗಿನ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿಕೊಂಡೇ ಏಳುವವನು. ಅಷ್ಟು ಅನುಮಾನ ಇದ್ರೆ ಅವಳನ್ನೇ ಕೇಳ್ಬಿಡು ಅತ್ಲಾಗೆ ಎಂದ. ಕೇಳಿದರೆ ಹುಷಾರಾಗಿಬಿಡುತ್ತಾಳೆ ಎಂದೆ. ಕಳ್ಳನನ್ನು ಕೇಳಿಕೊಂಡು ಬಾಗಿಲು ಹಾಕುವವರು ಯಾರಿದ್ದಾರೆ? ಅವನು ಪೇಪರಿನ ಹಾಳೆ ತಿರುಗಿಸಿದ.

ಚೈತ್ರದಲ್ಲಿ ಪಾರವ್ವ ತಂಗಿಯ ಮಗಳ ಮದುವೆಗೆ ಬಾದಾಮಿಗೆ ಹೊರಟಳು. ತುಳಸಿಗೆ ನೀರು ಹಾಕ್ರಿ ಅಕ್ಕಾರ ಎಂದು ಬೀಗದ ಕೈ ನನ್ನ ಕೈಗೆ ಕೊಟ್ಟಳು. ಆರು ದಿನ ಇರುವುದಿಲ್ಲ ಎಂದಳು. ಅವಳ ಆಟೋ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದು, ನಾನು ಮೇಲೆ ಹೋದೆ.

ತುಳಸಿಗೆ ನೀರು ಹಾಕಿದೆ. ಅದನ್ನು ಮೊದಲು ಮಾಡಿದೆ, ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆಮೇಲೆ ಮುಂದಿನ ಕೋಣೆಗೆ ಹೋದೆ. ಮೇಜಿನ ಮೇಲೆ ರಿಜಿಸ್ಟರು. ಮುಚ್ಚಿಡುವ, ಬಚ್ಚಿಡುವ ಯಾವ ಪ್ರಯತ್ನವೂ ಇರಲಿಲ್ಲ. ಅದೂ ಒಂದು ಚಾಲಾಕಿತನ ಎಂದುಕೊಂಡೆ. ಹಾಳೆ ತಿರುವುತ್ತಾ ಹೋದಾಗ ಒಂದು ಕಡೆ ಚಿಕ್ಕಬಾಣಾವರ ಎಂದು ಕಂಡಿತು. ಕೆಳಗೆ ನಮ್ಮ ಸರ್ವೆ ನಂಬರು. ಮಾಲೀಕರು: ಪಟಾಲಮ್ಮ. ಒಟ್ಟು ಇಪ್ಪತ್ತಾರು ಗುಂಟೆ. ಅದರ ಕೆಳಗೆ ಪಾರವ್ವನ ದುಂಡು ಅಕ್ಷರದಲ್ಲಿ ಹೀಗಿತ್ತು:

'ಸ್ಥಿತಿ: ಪೂರ್ವಕ್ಕೆ ಆರು ಗುಂಟೆಯಷ್ಟು ಖರಾಬ. ಉಳಿದದ್ದೂ ಖರಾಬ ಆಗುವುದರೊಳಗೆ ಸರ್ಕಾರಕ್ಕೆ ಬರೆಯುವುದು.'

ಎರಡು ಸಲ ಓದಿದೆ. ಮೂರನೇ ಸಲ ಅಕ್ಷರಗಳು ಕಾಣಲಿಲ್ಲ. ಹಳೆಯ ಶಾನುಭೋಗರು ಕಣ್ಣು ಮುಚ್ಚಿ ಬರೆದಿದ್ದ ಖುಷ್ಕಿಯನ್ನು ಈ ಹೆಂಗಸು ಕಣ್ಣು ಬಿಟ್ಟುಕೊಂಡು ಖರಾಬು ಮಾಡುತ್ತಿದ್ದಾಳೆ. ಆರು ಗುಂಟೆ ಆಗಿಹೋಗಿದೆ, ಇನ್ನು ಇಪ್ಪತ್ತು ಬಾಕಿ. ನಮ್ಮ ಉಪ್ಪು ತಿಂದು, ನಮ್ಮ ಬಾವಿಯ ನೀರು ಕುಡಿದು, ನಮ್ಮ ಅತ್ತೆಯ ಹೆಸರನ್ನು ಮೇಲೆ ಬರೆದು ಕೆಳಗೆ ಸರ್ಕಾರಕ್ಕೆ ಒಪ್ಪಿಸುವ ಯೋಜನೆ! ಒಂಬತ್ತು ವರ್ಷ ಹಾವಿಗೆ ಹಾಲೆರೆದೆವಲ್ಲ ಎಂದು ರಿಜಿಸ್ಟರನ್ನು ಫಟ್ಟನೆ ಮುಚ್ಚಿದೆ.

ನಾನು ಅಳುತ್ತಾ ಕೂರುವ ಪೈಕಿ ಅಲ್ಲ. ಬಂಡೆ ಇದ್ದರೆ ತಾನೇ ಖರಾಬು? ಬಂಡೆಯೇ ಇಲ್ಲದಿದ್ದರೆ ಏನು ಬರೆಯುತ್ತಾಳೆ, ಯಾರಿಗೆ ಬರೆಯುತ್ತಾಳೆ? ಅದೇ ದಿನ ಮಂಜೂರನಿಗೆ ಫೋನು ಮಾಡಿದೆ. ಅವನು ಟ್ರ್ಯಾಕ್ಟರಿಗೆ ಕಂಪ್ರೆಸರ್ ಕಟ್ಟಿಕೊಂಡು ಪಾಯ ತೆಗೆಯುವಲ್ಲಿ ಕಲ್ಲು ಒಡೆಯುವವನು. ಮನೆಗಳ ನಡುವೆ ಸಿಡಿಮದ್ದು ಇಡುವ ಹಾಗಿಲ್ಲ. ಸಾಲಾಗಿ ತೂತು ಕೊರೆದು, ಅದಕ್ಕೊಂದು ಪುಡಿ ಕಲಸಿ ತುಂಬಿದರೆ ಮರುದಿನಕ್ಕೆ ಬಂಡೆ ತಾನೇ ಬಿರಿಯುತ್ತದೆ. ಮಂಜೂರ್ ಬಂಡೆಯ ಸುತ್ತ ಒಂದು ಸಲ ನಡೆದು ನೋಡಿದ. ಒಳ್ಳೆ ಕಲ್ಲಮ್ಮ, ಎಲ್ಲೂ ಒಂದು ಕೂದಲೆಳೆ ಬಿರುಕಿಲ್ಲ, ಇದರ ಮೇಲೇ ಮನೆ ಕಟ್ಟಿದರೆ 'ಪಾಯಾನೇ ಬೇಡ' ಎಂದ. ನಿನಗೆ ಹೇಳಿದಷ್ಟು ಮಾಡಪ್ಪ ಎಂದೆ.

ಇನ್ನೂ ಮೂರು ಕಂಪ್ರೆಸರ್ ತರಿಸಿ ನಾಲ್ಕು ದಿನ ಕೊರೆದ. ಲಕ್ಕಣ್ಣ ಸದ್ದು ತಡೆಯಲಾರದೆ ಯಶವಂತಪುರದ ನೆಂಟರ ಮನೆಗೆ ಹೋಗಿಬಿಟ್ಟ. ಅತ್ತೆ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು, ಎರಡು ಹೊತ್ತು ಊಟ ಬಿಟ್ಟರು. ವಯಸ್ಸಾದವರಿಗೆ ಸದ್ದು ಆಗುವುದಿಲ್ಲ ಎಂದು ನಾನು ಗಂಜಿ ಮಾಡಿ ಬಾಗಿಲ ಬಳಿ ಇಟ್ಟೆ. ಐದನೇ ದಿನ ಬಂಡೆ ಒಡೆದುಕೊಂಡಿತು. ಮಂಜೂರನ ಜನ ಹಾರೆ ಹಾಕಿ ಮೀಟಿದರು. ಒಳಗಿನ ಕಲ್ಲು ಹೊರಗಿನದಕ್ಕಿಂತ ಬೆಳ್ಳಗಿತ್ತು. ಏನೋ ಗೆದ್ದೆ ಎಂದು ಆ ಸಂಜೆ ನಾನು ಪಾಯಸ ಮಾಡಿದೆ. ಅತ್ತೆ ತಿನ್ನಲಿಲ್ಲ.

ಏಳನೇ ದಿನ ಬೆಳಗ್ಗೆ ಪಾರವ್ವ ಬಂದಳು. ಯಶವಂತಪುರದಲ್ಲಿ ರೈಲು ಇಳಿದು ಆಟೋದಲ್ಲಿ ಬಂದವಳು, ಕೈಯಲ್ಲಿ ಮದುವೆಯ ಬುತ್ತಿ. ಗೇಟಿನಿಂದಲೇ ಹಿಂದುಗಡೆ ಕಾಣುತ್ತದೆ. ಬುತ್ತಿಯನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು ನೇರ ಅಲ್ಲಿಗೆ ನಡೆದಳು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋದೆ. ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡು ಎರಡು ದಿನವಾಗಿತ್ತು. ಅವಳು ಜಗಳವಾಡಲಿಲ್ಲ. ಚೂರುಗಳ ನಡುವೆ ಕೂತು, ಒಂದನ್ನು ಎತ್ತಿ ಇನ್ನೊಂದಕ್ಕೆ ಹೊಂದಿಸಿ ನೋಡಿದಳು. ಹೊಂದಿತು. ಮೂರನೆಯದನ್ನು ಹುಡುಕಿದಳು. ಆಮೇಲೆ ಸುಮ್ಮನೆ ಕೈಯಲ್ಲಿಟ್ಟುಕೊಂಡು ಅತ್ತಳು.

ನಾನು ತಡೆದುಕೊಳ್ಳಲಿಲ್ಲ. ನೀವು ಎನ್ನುತ್ತಿದ್ದವಳು ನೀನು ಎಂದೇ ಶುರು ಮಾಡಿದೆ.

"ಆರು ಗುಂಟೆ ಖರಾಬು ಅಂತ ಬರ್ದೆಯಲ್ಲ, ಈಗ ಬರಿ. ಎಲ್ಲಿದೆ ಬಂಡೆ? ಯಾವ ಸರ್ಕಾರಕ್ಕೆ ಕೊಡ್ತೀಯ, ಕೊಡು ನೋಡೋಣ."

ಅವಳಿಗೆ ಅರ್ಥವಾಗಲಿಲ್ಲ. ನಾನು ಪಹಣಿಯ ವಿಷಯ, ಅ ಖರಾಬು, ಬ ಖರಾಬು ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು.

"ಖರಾಬ ಅಂದ್ರ ಕೆಟ್ಟೈತಿ ಅಂತರಿ ಅಕ್ಕಾರ," ಎಂದಳು ಕೊನೆಗೆ. "ಆ ಕಡೆ ಲಾರಿಯವ್ರು ಸಿಮೆಂಟ್ ರಾಡಿ ತಂದು ಸುರೀತಿದ್ರಲ್ರಿ, ಕಲ್ಲು ಖರಾಬ ಆಗಾಕತ್ತಿತ್ತು. ಅದನ್ನ ನಿಲ್ಲಸ್ರಿ ಅಂತ ಬರಿಯಾಕಿ ಇದ್ದೆ."

ನಾನು ನಂಬಲಿಲ್ಲ. ಅವಳೇ ಮೇಲೆ ಹೋಗಿ ರಿಜಿಸ್ಟರು ತಂದು ನನ್ನ ಮುಂದೆ ತಿರುವಿದಳು. ಯಾವುದೋ ದೇಶದ ಗುಹೆ: ಹೊಗೆ ಹಿಡಿದು ಖರಾಬ. ಯಾವುದೋ ಸಮುದ್ರದ ದಂಡೆ: ಅಲೆ ಹೊಡೆದು ಖರಾಬ. ಹಾಳೆ ಹಾಳೆಗೂ ಖರಾಬ. ಸಿಮೆಂಟಿನ ಮಾತೂ ಸುಳ್ಳಲ್ಲ, ಪಕ್ಕದ ಲೇಔಟಿನ ಲಾರಿಯವರ ಜೊತೆ ನಾನೇ ಎರಡು ಸಲ ಕಿತ್ತಾಡಿದ್ದೆ. ಆಗ ನೆನಪಾಯಿತು. ಒಂಬತ್ತು ವರ್ಷ ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದೇನೆ. ಹಾಲು ಖರಾಬ ಆಗೇತ್ರಿ, ಮಿಕ್ಸರ್ ಖರಾಬ ಆಗೇತ್ರಿ, ನನ್ನ ಹೊಟ್ಟಿ ಖರಾಬ ಆಗೇತ್ರಿ. ಒಂದು ದಿನವೂ ಅವಳ ಹೊಟ್ಟೆಯನ್ನು ಸರ್ಕಾರ ತೆಗೆದುಕೊಂಡಿತು ಎಂದು ನನಗೆ ಅನಿಸಲಿಲ್ಲ. ಬಾಯಲ್ಲಿ ಬಂದಾಗ ಅದು ಪಾರವ್ವನ ಮಾತು, ಕಾಗದದ ಮೇಲೆ ಕಂಡ ಕೂಡಲೇ ಸರ್ಕಾರದ ಮಾತು. ನಮ್ಮ ಮೂರು ಎಕರೆಯ ಜೊತೆಗೆ ನನ್ನ ಓದುವ ಕಣ್ಣನ್ನೂ ಆ ನೋಟಿಸು ತೆಗೆದುಕೊಂಡು ಹೋಗಿತ್ತು.

ಆದರೂ ಸೋಲುವ ಜಾಯಮಾನವಲ್ಲ. ಇಷ್ಟೇ ಆಗಿದ್ದರೆ ಮೊದಲೇ ಬಂದು ಹೇಳಬಾರದಿತ್ತೆ ಎಂದು ದಬಾಯಿಸಿದೆ.

"ಮೂರ ಸಲ ಬಂದಿದ್ದೆರಿ," ಎಂದಳು ಅವಳು. "ನೀವು ಬಾಗಲದಾಗ ನಿಂತು ನೋಡೂದು ನೋಡಿ ಹೆದರಿಕಿ ಬಂತು. ತಪ್ಪು ನಂದೂ ಐತಿ."

ಬುತ್ತಿಯನ್ನು ಅವಳು ಕಟ್ಟೆಯ ಮೇಲೇ ಬಿಟ್ಟು ಮೇಲೆ ಹೋದಳು. ಅದು ನಮಗೆಂದೇ ತಂದದ್ದು, ಕರದಂಟು.

ಎರಡು ವಾರ ಅವಳು ಕೆಳಗಿಳಿಯಲಿಲ್ಲ. ನನಗೆ ಹೊಸ ಭಯ ಶುರುವಾಯಿತು. ಇವಳೀಗ ಹತ್ತೊಂಬತ್ತು ದೇಶಕ್ಕೂ ನನ್ನ ಹೆಸರು ಬರೆಯುತ್ತಾಳೆ, ಪೊಲೀಸು ಬರುತ್ತಾರೆ, ಪೇಪರಿನಲ್ಲಿ ಬರುತ್ತದೆ ಎಂದುಕೊಂಡೆ. ಗೇಟಿನ ಸದ್ದಾದರೆ ಬೆಚ್ಚುತ್ತಿದ್ದೆ. ಒಂದು ಮಧ್ಯಾಹ್ನ ನಿಜವಾಗಿಯೂ ಗೇಟಿನ ಸದ್ದಾಯಿತು. ಕಾಶಿನಾಥ ಮೇಷ್ಟ್ರು. ಮೇಲೆ ಹೋಗದೆ ನಮ್ಮ ಮನೆಯೊಳಗೇ ಬಂದು ಕೂತರು.

ನಮ್ಮ ಬಂಡೆಯನ್ನು ಪಾರವ್ವ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದಳಂತೆ. ಪಟ್ಟಿಯಲ್ಲಿರುವ ಕಲ್ಲು ಹಾಳಾದರೆ ಹೇಗೆ ಹಾಳಾಯಿತು, ಯಾರಿಂದ ಎಂದು ಕಾರ್ಯದರ್ಶಿ ಎಲ್ಲ ಸದಸ್ಯರಿಗೂ ತಿಳಿಸಬೇಕು. ಅವಳು ತಿಳಿಸಿದ್ದಾಳೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ನನಗೆ ಓದಿ ಹೇಳಿದರು. ಹಾಳಾದದ್ದು ಕಾರ್ಯದರ್ಶಿಯ ತಪ್ಪಿನಿಂದ. ಮಾಲೀಕರನ್ನು ಕೇಳದೆ ಅವರ ನೆಲವನ್ನು ಬರೆದುಕೊಂಡು ಅವರಲ್ಲಿ ಭಯ ಹುಟ್ಟಿಸಿದ್ದಾಳೆ. ಇದಕ್ಕೆ ಅವಳೇ ಹೊಣೆ, ಆದ್ದರಿಂದ ರಾಜೀನಾಮೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಮಾಲೀಕರು ಎಂಬಲ್ಲಿ ಹೆಸರನ್ನೇ ಹೊಡೆದು ಹಾಕಿದ್ದಳು.

ಈ ಗುರುವಾರ ಮೀಟಿಂಗಿನಲ್ಲಿ ಒಪ್ಪಿಬಿಡುತ್ತಾರೆ, ನಿಯಮ ಹಾಗಿದೆ ಎಂದರು ಮೇಷ್ಟ್ರು. ಗಂಡ ಸತ್ತ ಮೇಲೆ ಆ ಹೆಂಗಸು ಎದ್ದು ನಿಂತದ್ದು ಈ ಕೆಲಸದಿಂದ, ಅದೂ ಹೋದರೆ ಏನು ಮಾಡುತ್ತಾಳೋ ಗೊತ್ತಿಲ್ಲ ಎಂದರು. ನನ್ನಿಂದ ಏನನ್ನೂ ಕೇಳದೆ ಎದ್ದು ಹೋದರು.

ನಾನು ಕೂತು ಯೋಚಿಸಿದೆ. ಇದರಲ್ಲಿ ಅವಳಿಗೇನು ಲಾಭ? ನನ್ನ ಮರ್ಯಾದೆ ಕಳೆಯಲು ಮಾಡಿದ್ದಾಳೆಯೇ? ಹಾಗಿದ್ದರೆ ಹೆಸರು ಬರೆಯುತ್ತಿದ್ದಳು. ಮನೆ ಬಿಡಿಸದಿರಲಿ ಎಂದೇ? ಬಿಡು ಎಂದು ನಾನು ಹೇಳಿಯೇ ಇರಲಿಲ್ಲ. ಎಷ್ಟು ಹುಡುಕಿದರೂ ಲಾಭ ಸಿಗಲಿಲ್ಲ. ಲಾಭ ಸಿಗದಿದ್ದರೆ ನನಗೆ ಮನುಷ್ಯರು ಅರ್ಥವಾಗುವುದಿಲ್ಲ. ಅವತ್ತು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ.

ಗುರುವಾರ ನಾಲ್ಕು ಗಂಟೆಗೆ ಮೇಲೆ ಹೋದೆ. ಈ ಸಲ ಬಟ್ಟೆಯ ಬಕೆಟ್ ಒಯ್ಯಲಿಲ್ಲ. ನನ್ನ ಹಿಂದೆಯೇ ಅತ್ತೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ನೀವ್ಯಾಕೆ ಎಂದರೆ ನನ್ನನ್ನು ದಾಟಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ಪಾರವ್ವ ಕಂಪ್ಯೂಟರಿನ ಮುಂದೆ, ಪಕ್ಕದಲ್ಲಿ ಮೇಷ್ಟ್ರು. ಪರದೆಯ ಮೇಲೆ ಹತ್ತಾರು ಮುಖ, ಒಬ್ಬರ ಮನೆಯಲ್ಲಿ ಬೆಳಕು, ಒಬ್ಬರ ಮನೆಯಲ್ಲಿ ಕತ್ತಲೆ. ನಾನು ಮಧ್ಯೆ ಹೋಗಿ ನಿಂತು, ಇವರಿಗೆ ನಾನು ಹೇಳಬೇಕು, ಇಂಗ್ಲಿಷಿಗೆ ಮಾಡಿ ಎಂದು ಮೇಷ್ಟ್ರಿಗೆ ಹೇಳಿದೆ. ಪಾರವ್ವ ಬ್ಯಾಡ್ರಿ ಅಕ್ಕಾರ ಎಂದಳು. ನಾನು ಕೇಳಲಿಲ್ಲ.

ಭೂಸ್ವಾಧೀನದಿಂದ ಹಿಡಿದು ಮಂಜೂರನ ಕಂಪ್ರೆಸರಿನವರೆಗೆ ಎಲ್ಲ ಹೇಳಿದೆ. ಅವಳ ಬೀಗ ತೆಗೆದು ರಿಜಿಸ್ಟರು ಓದಿದ್ದನ್ನೂ ಹೇಳಿದೆ. ನಾನು ಹತ್ತು ಮಾತಾಡಿದರೆ ಮೇಷ್ಟ್ರು ನಾಲ್ಕು ಆಡುತ್ತಿದ್ದರು. ನಯವಾಗಿ ಏನೋ ಮುಚ್ಚುತ್ತಿದ್ದಾರೆ ಎಂದು ಅನುಮಾನ ಬಂತು.

"ಒಡೆಸಿದ್ದು ನಾನು ಅನ್ನೋದನ್ನ ಹೇಳಿದ್ರಾ?" ಎಂದು ನಿಲ್ಲಿಸಿ ಕೇಳಿದೆ.

ಸರಿಯಾಗಿ ಹೇಳಿರಲಿಲ್ಲ. ಮತ್ತೆ ಹೇಳಿಸಿದೆ. ನಾಗಲಕ್ಷ್ಮಿ ಎಂದು ಹೆಸರನ್ನೂ ಹೇಳಿಸಿದೆ.

ಅವರವರೇ ಅರ್ಧ ಗಂಟೆ ಮಾತಾಡಿಕೊಂಡರು. ಕೊನೆಗೆ ಕೈ ಎತ್ತಿದರು. ರಾಜೀನಾಮೆ ಬೇಡ ಎಂದವರು ಹದಿನಾಲ್ಕು, ಬೇಕು ಎಂದವರು ಐದು. ಆ ಐದು ಮುಖಗಳನ್ನು ನಾನು ಚೆನ್ನಾಗಿ ನೋಡಿಟ್ಟುಕೊಂಡಿದ್ದೇನೆ. ಇನ್ನು ಮುಂದೆ ಮಾಲೀಕರ ಮನೆಯಲ್ಲಿ ಕೂತು ಮಾತಾಡದೆ ಯಾವ ಕಲ್ಲನ್ನೂ ಪಟ್ಟಿಗೆ ಸೇರಿಸಬಾರದು ಎಂದು ನಿಯಮವನ್ನೂ ಮಾಡಿದರು. ಪಾರವ್ವ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಸದ್ಯ, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಎಲ್ಲ ಮುಗಿಯುವಾಗ ಬೆಳ್ಳಿ ಕೂದಲಿನ ಒಬ್ಬಾಕೆ ಪರದೆಯಲ್ಲಿ ಏನೋ ಕೇಳಿದಳು. ಹೋದ ಕಲ್ಲಿನ ಹಾಳೆಯನ್ನು ಮುಚ್ಚುವ ಮೊದಲು ಖಾಲಿ ಉಳಿದ ಒಂದು ಕಾಲಂ ತುಂಬಬೇಕಂತೆ ಎಂದರು ಮೇಷ್ಟ್ರು. ಊರಿನವರು ಆ ಬಂಡೆಯನ್ನು ಯಾವುದಕ್ಕೆ ಬಳಸುತ್ತಿದ್ದರು?

"ಯಾವುದಕ್ಕೂ ಇಲ್ಲ," ಎಂದೆ. "ಸುಮ್ನೆ ಬಿದ್ದಿತ್ತು."

ಹಿಂದೆ ಗೋಡೆಗೆ ಒರಗಿ ಕೂತಿದ್ದ ಅತ್ತೆ ಆಗ ಬಾಯಿ ಬಿಟ್ಟರು. ಬಂಡೆ ಒಡೆದ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಸುಮ್ಕೆ ಎಲ್ ಬಿದ್ದಿತ್ತು?" ಎಂದರು. "ಈ ಊರ್ಗೆ ಅದೇ ಒಕ್ಕೋ ಕಣ. ನಾನೂ ಅದರ ಮೇಲೇಯ ರಾಗಿ ಬಡೀತಿದ್ದೆ. ಬಡೀತಿದ್ದಂಗೆ ನೋವ್ ಬಂತು, ಮನೆಗ್ ಓಗಾಕಾಗ್ಲಿಲ್ಲ. ಲಕ್ಕ ಉಟ್ಟಿದ್ದು ಆ ಬಂಡೆ ಮೇಲೆ."

ಪಾರವ್ವನ ಪೆನ್ನು ನಿಂತಿತು. ನನ್ನ ಗಂಡ ಹುಟ್ಟಿದ ಜಾಗ. ಇಪ್ಪತ್ತೇಳು ವರ್ಷ ಈ ಮನೆಯಲ್ಲಿ ಬಾಳಿದ ನನಗೆ ಅದು ಗೊತ್ತಿರಲಿಲ್ಲ. ನಾನು ಅದನ್ನು ಗುಂಟೆಯಲ್ಲೇ ನೋಡಿದ್ದೆ. ಒಡೆಸುವಾಗ ಯಾಕೆ ಹೇಳಲಿಲ್ಲ ಅತ್ತೆ, ನಾಲ್ಕು ದಿನ ಇತ್ತಲ್ಲ ಎಂದೆ.

"ನೀನ್ ಕೇಳ್ದ್ಯಾ?" ಎಂದರು ಅತ್ತೆ.

ಪರದೆಯ ಮೇಲಿನವರೆಲ್ಲ ಕಾಯುತ್ತಿದ್ದರು. ಈ ಮಾತನ್ನೂ ಇಂಗ್ಲಿಷಿಗೆ ಮಾಡಬೇಕೇ ಎಂಬಂತೆ ಕಾಶಿನಾಥ ಮೇಷ್ಟ್ರು ನನ್ನ ಮುಖ ನೋಡಿದರು.

ಮಾಡಿ ಎಂದೆ.